ಹಾರರ್ ಓದಲೋ, ಕ್ರೈಮ್ ಥ್ರಿಲ್ಲರ್ ಓದಲೋ? ಹೆದರುವ ಓದುಗರೊಬ್ಬರ ಪ್ರಕರಣ

ಸಲಹೆ ಕೇಳಿ ನನ್ನ ಬಳಿ ಬಂದವರು ಕಾರವಾರದ ಕಡೆಯ ಒಬ್ಬ ಮಹಿಳೆ. ವಯಸ್ಸು ಮೂವತ್ತೈದರ ಆಸುಪಾಸು. ತವರು ಶಿರಸಿ ಕಡೆಯ ತೋಟದ ಮನೆ. ಗಂಡನಿಗೆ ಆಗಾಗ ರಾತ್ರಿ ಪಾಳಿ. ಮನೆಯಲ್ಲಿ ಶಾಲೆಗೆ ಹೋಗುವ ಮಗ, ಕಿವಿ ಸ್ವಲ್ಪ ಮಂದವಾದ ಅತ್ತೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ತೊಂದರೆ ಇಷ್ಟು: ರಾತ್ರಿ ನಿದ್ದೆ ಹತ್ತುವುದಿಲ್ಲ. ಚಿಲಕ ಹಾಕಿದ್ದೇನೋ ಇಲ್ಲವೋ ಎಂದು ಎದ್ದೆದ್ದು ಹೋಗಿ ನೋಡುತ್ತಾರೆ. ಮುಂಬಾಗಿಲಾಯಿತು ಅಂದರೆ ಹಿತ್ತಿಲ ಬಾಗಿಲು. ಕೋಣೆಯ ಲೈಟು ಬೆಳಗಿನ ತನಕ ಉರಿಯುತ್ತಲೇ ಇರಬೇಕು. ಕಾರಣವನ್ನು ಅವರೇ ಹೇಳಿದರು, ಪುಸ್ತಕ. ಗೆಳತಿಯರ ಒಂದು ಗುಂಪಿದೆ. ಪುಸ್ತಕ ಕೈಯಿಂದ ಕೈಗೆ ಹೋಗುತ್ತದೆ, ಬಿಡುವಾದಾಗ ಎಲ್ಲರೂ ಕೂತು ಅದರ ಬಗ್ಗೆ ಮಾತಾಡುತ್ತಾರೆ. ಆ ಗುಂಪಿಗೆ ಈಚೆಗೆ ಮೈ ನವಿರೇಳಿಸುವ ಕಥೆಗಳ ಹುಚ್ಚು ಹಿಡಿದಿದೆ. ಒಂದು ಸಲ ದೆವ್ವದ ಕಾದಂಬರಿ, ಇನ್ನೊಂದು ಸಲ ಕೊಲೆಯದ್ದು.

“ನಾನು ಮೊದಲಿಂದ ಪುಕ್ಕಲಿ ಮೇಡಂ. ಆದ್ರೆ ಓದೂದು ಮಾತ್ರ ಬಿಡೂದಿಲ್ಲ, ನಂಗೆ ಅಂತ ಇರೂದು ಅದೊಂದೇ. ಹಾರರ್ ಬಿಟ್ಟು ಬರೀ ಕ್ರೈಮ್ ಓದಿದ್ರೆ ಸರಿ ಹೋಗ್ತದಾ?”

ಗಂಡ “ಹೆದ್ರಿಕೆ ಆಗ್ತದೆ ಅಂದ್ರೆ ಎಂತಕ್ಕೆ ಓದೂದು?” ಎಂದಿದ್ದರು. ಅತ್ತೆ ದೇವರ ಪ್ರಸಾದವನ್ನು ತಲೆದಿಂಬಿನ ಅಡಿ ಇಟ್ಟುಕೊಂಡು ಮಲಗಲು ಹೇಳಿದ್ದರು. ಅತ್ತೆಯ ಮಾತಿಗೆ ನನ್ನ ತಕರಾರಿಲ್ಲ. ಗಂಡನ ಮಾತಿಗೆ ಇದೆ. ದಿನವಿಡೀ ಮನೆಗೆ ದುಡಿಯುವವರ ಕೈಯಿಂದ ಅವರದ್ದೇ ಆದ ಒಂದು ಗಂಟೆಯನ್ನೂ ಕಿತ್ತುಕೊಂಡರೆ ಉಳಿಯುವುದೇನು? ಅದೂ ಅಲ್ಲದೆ, ಹೆದರಿಕೆಯಿಂದ ಓಡಿದಷ್ಟೂ ಅದು ದೊಡ್ಡದಾಗುತ್ತದೆ. ಇವತ್ತು ಪುಸ್ತಕ ಮುಚ್ಚಿಟ್ಟವರು ನಾಳೆ ಪೇಪರು ಮುಚ್ಚಿಡುತ್ತಾರೆ, ನಾಡಿದ್ದು ಒಬ್ಬರೇ ಬಚ್ಚಲಿಗೆ ಹೋಗಲೂ ಹಿಂದೆಮುಂದೆ ನೋಡುತ್ತಾರೆ.

ಹಾಗಾಗಿ ಯಾವುದು ಓದಬೇಕು ಎಂದು ಅವತ್ತೇ ಹೇಳಲಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ ಎಂದೆ. ಯಾವ ಪುಸ್ತಕ, ಎಷ್ಟು ಹೊತ್ತಿಗೆ ಓದಿದಿರಿ, ಮುಚ್ಚಿದ ಮೇಲೆ ಏನು ಮಾಡಿದಿರಿ, ಮಾರನೇ ದಿನ ಮನಸ್ಸು ಹೇಗಿತ್ತು. ಕಥೆ ಹೇಗಿದೆ ಅಂತ ಬೇಡ, ಮುಚ್ಚಿದ ಮೇಲಿನದು ಬೇಕು ಎಂದು ಒತ್ತಿ ಹೇಳಿದೆ.

ನೋಟ್‌ಬುಕ್ಕು ಬಂದಾಗ ಅವರು ಅಂದುಕೊಂಡದ್ದು ಉಲ್ಟಾ ಆಗಿತ್ತು.

ದೆವ್ವದ ಕಾದಂಬರಿ ಓದಿದ ರಾತ್ರಿ ಮುಸುಕು ಹಾಕಿಕೊಂಡು ಮಲಗಿದ್ದರು, ಮಗನನ್ನು ಪಕ್ಕಕ್ಕೆ ಎಳೆದುಕೊಂಡಿದ್ದರು. ಬೆಳಿಗ್ಗೆ ದೋಸೆ ಹೊಯ್ಯುತ್ತಾ ಅದೇ ಕಥೆಯನ್ನು ಮಗನಿಗೆ ಹೇಳಿ ಇಬ್ಬರೂ ನಕ್ಕಿದ್ದರು. ಅಲ್ಲಿಗೆ ಮುಗಿಯಿತು. ಕ್ರೈಮ್ ಥ್ರಿಲ್ಲರ್ ಹಾಗಲ್ಲ. ರಿಪೇರಿಯವನ ವೇಷದಲ್ಲಿ ಬಂದು ಒಂಟಿ ಹೆಂಗಸರ ಮನೆ ಹೊಕ್ಕುವ ಕೊಲೆಗಾರನ ಕಥೆ ಅದು. ಓದುವಾಗ ಅಷ್ಟೇನೂ ಹೆದರಿಕೆ ಆಗಿರಲಿಲ್ಲವಂತೆ, “ಮಜಾ ಬಂತು” ಎಂದೇ ಬರೆದಿದ್ದರು. ಚಿಲಕ ನೋಡುವುದು ಜೋರಾದದ್ದು ಅವತ್ತಿನಿಂದ. ಮರುದಿನ ಗ್ಯಾಸ್ ಸಿಲಿಂಡರ್ ತಂದ ಹುಡುಗನಿಗೆ ಬಾಗಿಲು ತೆಗೆಯದೆ, ಕಿಟಕಿಯಿಂದಲೇ “ಅಲ್ಲೇ ಇಟ್ಟು ಹೋಗಪ್ಪ” ಎಂದಿದ್ದರು. ವರ್ಷಗಳಿಂದ ಬರುವ ಪರಿಚಯದ ಹುಡುಗ!

ಯಾಕೆ ಹೀಗೆ? ಇಲ್ಲಿ ಅವರ ಬಾಲ್ಯದ ಬಗ್ಗೆ ಸ್ವಲ್ಪ ಹೆಚ್ಚೇ ಕೇಳಿದೆ. ತೋಟದ ಮನೆಯ ರಾತ್ರಿ ಸದ್ದಿಲ್ಲದ್ದೇನೂ ಅಲ್ಲ. ಒಣಗಿದ ಸೋಗೆ ಮರದಿಂದ ಕಳಚಿ ಬಿದ್ದರೆ ಯಾರೋ ದೊಪ್ಪನೆ ಹಾರಿದ ಹಾಗೆ ಕೇಳುತ್ತದೆ. ಅಟ್ಟದ ಮೇಲೆ ಕಬ್ಬೆಕ್ಕು ಓಡಾಡಿದರೆ ಮನುಷ್ಯರ ಹೆಜ್ಜೆಯೇ. ಅಜ್ಜಿ ಎಲ್ಲದಕ್ಕೂ ಹೆಸರಿಟ್ಟಿದ್ದರು: ಇದು ಸೋಗೆ, ಇದು ಬೆಕ್ಕು, ಇದು ಗುಮ್ಮ. ದೆವ್ವಗಳಿಗೂ ಅಷ್ಟೇ. ಚೌಡಿ ಇರುವುದು ಆ ಬನದಲ್ಲಿ, ಕೊಳ್ಳಿದೆವ್ವ ಕಾಣುವುದು ಗದ್ದೆಯ ಆಚೆ. ಮನೆಯೊಳಗೆ ಯಾವುದೂ ಬರುವುದಿಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷ ಆರ್ಭಟ ಕೊಟ್ಟಾಗ ಕಿರುಚಿ ಅತ್ತದ್ದು, ಆಮೇಲೆ ಅಜ್ಜಿಯ ಮಡಿಲಲ್ಲೇ ನಿದ್ದೆ ಹೋದದ್ದು ಅವರಿಗೆ ಇನ್ನೂ ನೆನಪಿದೆ. ಅಂದರೆ ಈ ಹೆದರಿಕೆಯ ಜತೆ ಬದುಕುವುದನ್ನು ಅವರು ಚಿಕ್ಕಂದಿನಲ್ಲೇ ಕಲಿತಿದ್ದರು, ಪಕ್ಕದಲ್ಲಿ ದೊಡ್ಡವರೂ ಇದ್ದರು. ಗುರುತಿಲ್ಲದವರು ಗೇಟಿನ ತನಕ ಬರುವ ಪೇಟೆಯ ಮನೆ, ಪಾಳಿಗೆ ಹೋದ ಗಂಡ, ಕೂಗಿದರೂ ಕೇಳಿಸದ ಅತ್ತೆ, ಇದೆಲ್ಲ ಮದುವೆಯ ನಂತರದ್ದು. ಕ್ರೈಮ್ ಥ್ರಿಲ್ಲರ್ ಸೀದಾ ಇದಕ್ಕೇ ಕೈ ಹಾಕಿತ್ತು.

ಹಾರರ್ ಜಾಸ್ತಿ ಹೆದರಿಸುತ್ತದೆ, ಕ್ರೈಮ್ ಕಡಿಮೆ ಎಂಬ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಹಾರರ್ ಓದುವಾಗ ಎದೆ ಡವಡವ ಅನ್ನುತ್ತದೆ, ಸರಿ. ಆದರೆ ನಂಬಿಕೆ ಇಲ್ಲದವರಿಗೆ ಬೆಳಕು ಹರಿದ ಮೇಲೆ ಅದರ ಹಿಡಿತ ಸಡಿಲುತ್ತದೆ. ಥ್ರಿಲ್ಲರಿನ ಸಾಮಾನೆಲ್ಲ ನಮ್ಮ ಮನೆಯದ್ದೇ: ಬೀಗ, ಫೋನು, ಲಿಫ್ಟು, ನೆರೆಯವರು. ಹಗಲಲ್ಲೂ ಅವು ಕಣ್ಣೆದುರೇ ಇರುತ್ತವೆ. ಪೇಪರಿನ ಅಪರಾಧ ಸುದ್ದಿಯೂ ಸೇರಿದರೆ ಮುಗಿಯಿತು.

ಇನ್ನೊಂದು ಮಾತು. ಕ್ರೈಮ್ ಎಂದು ಎಲ್ಲವನ್ನೂ ಒಂದೇ ಗೋಣಿಗೆ ತುಂಬಬಾರದು. ಹಳೇ ಮಾದರಿಯ ಪತ್ತೇದಾರಿ ಕಥೆಯಲ್ಲಿ ಕೊಲೆ ಶುರುವಿನಲ್ಲೇ ಆಗಿಹೋಗಿರುತ್ತದೆ. ಆಮೇಲೆ ಉಳಿಯುವುದು ತಲೆಯ ಕೆಲಸ, ಯಾರು, ಹೇಗೆ, ಯಾಕೆ. ಕೊನೆಗೆ ಉತ್ತರ ಸಿಕ್ಕೇ ಸಿಗುತ್ತದೆ. ಥ್ರಿಲ್ಲರಿನಲ್ಲಿ ಕೆಟ್ಟದ್ದು ಇನ್ನೂ ಆಗಬೇಕಿದೆ. ಬಾಗಿಲ ಹಿಂದೆ ಅವನಿದ್ದಾನೆಂದು ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಹಾರರ್ ಎಷ್ಟೋ ಸಲ ಕೊನೆಯ ಪುಟದಲ್ಲೂ ಪೂರ್ತಿ ಮುಗಿಯುವುದಿಲ್ಲ, ಸತ್ತಿತು ಅಂದುಕೊಂಡದ್ದು ಮತ್ತೆ ಕಣ್ಣು ಬಿಡುತ್ತದೆ. ‘ಏನಾಗುತ್ತದೋ’ ಎಂಬುದನ್ನೇ ತಡೆಯಲಾಗದ ಮನಸ್ಸಿಗೆ ಈ ಮೂರರಲ್ಲಿ ಪತ್ತೇದಾರಿಯೇ ಹಗುರ.

ಇವೆಲ್ಲ ಒಂದೇ ಮನೆಯ ಮಕ್ಕಳು ಅನ್ನಿ. 1841ರಲ್ಲಿ ಮೊದಲ ಪತ್ತೇದಾರಿ ಕಥೆ ಎಂದು ಹೆಸರಾದದ್ದನ್ನು ಬರೆದ ಎಡ್ಗರ್ ಅಲನ್ ಪೋ, ಗೋರಿ-ಹೆಣಗಳ ಭಯದ ಕಥೆಗಳಿಗೂ ಅಷ್ಟೇ ಪ್ರಸಿದ್ಧ. ಪತ್ತೇದಾರ ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ 1902ರ ‘ದ ಹೌಂಡ್ ಆಫ್ ದ ಬಾಸ್ಕರ್‌ವಿಲ್ಸ್’ನಲ್ಲಿ ಶಾಪದ ಭೂತನಾಯಿಯೊಂದನ್ನು ಬಿಟ್ಟು ಹೆದರಿಸುತ್ತಾನೆ. ಕೊನೆಗೆ ನೋಡಿದರೆ ಅದು ರಂಜಕ ಹಚ್ಚಿದ ನಿಜವಾದ ನಾಯಿ. ದೆವ್ವದ ಭಯ ಹೆಚ್ಚಿರುವವರಿಗೆ ನಾನು ಇಂಥ ಕಥೆಗಳನ್ನೇ ಮೊದಲು ಹೇಳುವುದು. ಎನ್. ನರಸಿಂಹಯ್ಯ ಅವರ ಪತ್ತೇದಾರಿ ಕಾದಂಬರಿಗಳ ಹೆಸರೆತ್ತಿದ್ದೇ ತಡ, ಇವರ ಮುಖ ಅರಳಿತು. ಅಜ್ಜನ ಟ್ರಂಕಿನಲ್ಲಿ ಒಂದಷ್ಟು ಇದ್ದವಂತೆ.

ಇನ್ನು ಸಲಹೆ.

ಓದುವ ಹೊತ್ತು ಬದಲಿಸಿ ಎಂದೆ. ಮಧ್ಯಾಹ್ನ ಅಥವಾ ಸಂಜೆ, ರಾತ್ರಿ ಊಟದ ಮುಂಚೆ. ಮಲಗುವ ಮುಂಚಿನ ಅರ್ಧ ಗಂಟೆಗೆ ಬೇರೇನಾದರೂ, ಅಡುಗೆ ಪುಸ್ತಕವಾದರೂ ಸರಿ. ಸಂಜೆಯ ನಂತರ ಚಹಾ ಬೇಡ. ಕುಡಿದ ಕೆಫೀನಿನ ಅರ್ಧ ಐದಾರು ಗಂಟೆಯ ಮೇಲೂ ರಕ್ತದಲ್ಲಿರುತ್ತದೆ, ಅದರ ಎದೆಬಡಿತವನ್ನೂ ನಾವು ದೆವ್ವದ ಲೆಕ್ಕಕ್ಕೇ ಬರೆದುಬಿಡುತ್ತೇವೆ.

ಅಧ್ಯಾಯದ ಕೊನೆಗೆ ನಿಲ್ಲಿಸಬೇಡಿ, ನಡುವೆ ನಿಲ್ಲಿಸಿ. ಇದು ಅವರಿಗೆ ವಿಚಿತ್ರ ಅನ್ನಿಸಿತು. ಥ್ರಿಲ್ಲರ್ ಬರೆಯುವವರು ಅಧ್ಯಾಯದ ಕೊನೆಯಲ್ಲೇ ಕೊಕ್ಕೆ ಹಾಕುವುದು. ಅದು ಬಿಚ್ಚುವುದು ಮುಂದಿನ ಅಧ್ಯಾಯದ ನಾಲ್ಕೈದು ಪುಟಗಳಲ್ಲಿ. ಅಲ್ಲಿ ತನಕ ಓದಿ, ಉಸಿರು ಇಳಿದ ಜಾಗದಲ್ಲಿ ಗುರುತು ಇಟ್ಟು ಮುಚ್ಚಿ. ತಡೆಯಲಾಗದಿದ್ದರೆ ಕೊನೆಯ ಪುಟ ಮೊದಲೇ ಓದಿಬಿಡಿ. “ಅದು ಮೋಸ ಅಲ್ವಾ?” ಎಂದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಶಾಖೆಯವರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕೊನೆ ಮೊದಲೇ ಗೊತ್ತಿದ್ದ ಓದುಗರಿಗೆ ಕಥೆ ಕಡಿಮೆ ಇಷ್ಟವಾಗಲಿಲ್ಲ, ಒಟ್ಟಾರೆ ಸ್ವಲ್ಪ ಹೆಚ್ಚೇ ಇಷ್ಟವಾಯಿತು. ನಾವೂ ಪ್ರಸಂಗ ಗೊತ್ತಿದ್ದೇ ಯಕ್ಷಗಾನದ ಆಟ ನೋಡಲು ಕೂರುತ್ತೇವಲ್ಲ.

ಚಿಲಕದ ವಿಷಯಕ್ಕೆ ಜಾಸ್ತಿ ಸಮಯ ಕೊಟ್ಟೆವು. ನಿಜವಾದ ತೊಂದರೆ ಅದೇ. ಮತ್ತೆ ಮತ್ತೆ ನೋಡುವುದು ತುರಿಕೆ ಕೆರೆದುಕೊಂಡ ಹಾಗೆ, ಆ ಕ್ಷಣ ಹಿತ, ಆಮೇಲೆ ಇನ್ನಷ್ಟು. ಒಂದೇ ಸಲ, ಕೈಯಿಂದ ಮುಟ್ಟಿ, “ಹಾಕಿದೆ” ಎಂದು ಬಾಯಿಬಿಟ್ಟು ಹೇಳಿ ಬಂದು ಮಲಗಬೇಕು. ಆಮೇಲೆ ಎಷ್ಟೇ ಎಳೆದರೂ ಏಳಬಾರದು. ಎದೆಬಡಿತ ಏರುತ್ತದೆ, ಏರಲಿ. ಉಸಿರನ್ನು ಒಳಗೆ ಎಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ಭಯ ಒಂದು ಮಟ್ಟಕ್ಕೆ ಏರಿ ತಾನಾಗಿ ಇಳಿಯುತ್ತದೆ, ಇಳಿಯುವುದನ್ನು ಒಮ್ಮೆ ಕಂಡವರಿಗೆ ಎರಡನೇ ರಾತ್ರಿ ಅಷ್ಟು ಕಷ್ಟವಲ್ಲ. ಗಂಡನಿಗೂ ಹೇಳಿ ಕಳಿಸಿದೆ: “ಬಾಗಿಲು ಹಾಕಿದೆಯಲ್ಲಾ?” ಎಂದು ಪಾಳಿಯಿಂದ ಫೋನು ಮಾಡಿ ಕೇಳಬೇಡಿ. ಪ್ರೀತಿಯಿಂದಲೇ ಕೇಳುವುದು, ಆದರೆ ಅನುಮಾನಕ್ಕೆ ಎಣ್ಣೆ ಹೊಯ್ದ ಹಾಗಾಗುತ್ತದೆ.

ಪುಸ್ತಕ ಆರಿಸುವಾಗ ಮೊದಲೇ ಓದಿದ ಗೆಳತಿಯನ್ನು ಮೂರು ಪ್ರಶ್ನೆ ಕೇಳಲು ಹೇಳಿದೆ. ಮನೆಯಲ್ಲಿ ಒಂಟಿಯಾಗಿರುವ ಹೆಂಗಸಿನ ಮೇಲೆ ದಾಳಿ ಇದೆಯಾ? ಮಗುವಿಗೆ ಏನಾದರೂ ಆಗುತ್ತದಾ? ಕೊನೆಯಲ್ಲಿ ಗಂಟು ಬಿಚ್ಚುತ್ತದಾ? ಎರಡನೆಯದನ್ನು ಸುಮ್ನೆ ಸೇರಿಸಿದ್ದಲ್ಲ. ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ದಲ್ಲಿ ಮಾಟ ನಡೆಯುವುದು ಒಂದು ಮಗುವಿನ ಮೇಲೆ. ಅದನ್ನು ಓದಿ ನಿದ್ದೆಗೆಟ್ಟ ತಾಯಂದಿರು ಇವತ್ತಿಗೂ ಆ ಮಾತು ಹೇಳುತ್ತಾರೆ. ಕಥೆ ದೆವ್ವದ್ದೋ ಕೊಲೆಯದ್ದೋ ಎಂಬುದಕ್ಕಿಂತ ಪೆಟ್ಟು ಯಾರಿಗೆ ಬೀಳುತ್ತದೆ ಎಂಬುದೇ ಹೆಚ್ಚು ಕಾಡುತ್ತದೆ. ಮನೆಯಲ್ಲಿ ಈಚೆಗೆ ಸಾವಾಗಿದ್ದರೆ ಸತ್ತವರು ಮರಳಿ ಬರುವ ಕಥೆಯೂ ಸದ್ಯಕ್ಕೆ ಬೇಡ.

ಇಯರ್‌ಫೋನಿನಲ್ಲಿ ಹಾರರ್ ಕಥೆ ಕೇಳುವುದು ಬೇಡವೇ ಬೇಡ ಎಂದೆ. ಪುಸ್ತಕದಲ್ಲಿ ಓಟ ನಮ್ಮ ಕೈಯಲ್ಲಿರುತ್ತದೆ, ಸದ್ದು ಹೇಳದೆ ಬಂದು ಬೆಚ್ಚಿಬೀಳಿಸುತ್ತದೆ.

ಚಿಲಕದ ಕೆಲಸ ಒಂದೇ ಸಲಕ್ಕೆ ಕೈಗೂಡಲಿಲ್ಲ. ಗಾಳಿಮಳೆಗೆ ಕರೆಂಟು ಹೋದ ರಾತ್ರಿಗಳಲ್ಲಿ ಎದ್ದು ನೋಡಿದ್ದೂ ಇದೆ, ನೋಟ್‌ಬುಕ್ಕಿನಲ್ಲಿ ಪ್ರಾಮಾಣಿಕವಾಗಿ ಬರೆದಿದ್ದರು. ಕೊನೆಯ ಪುಟ ಮೊದಲು ಓದುವುದಂತೂ ಅವರಿಗೆ ಒಗ್ಗಲೇ ಇಲ್ಲ. ಆದರೂ ರಾತ್ರಿಯಿಡೀ ಉರಿಯುತ್ತಿದ್ದ ಲೈಟು ಆರಿತು, ಸಿಲಿಂಡರ್ ಹುಡುಗನಿಗೆ ಬಾಗಿಲು ತೆರೆಯಿತು.

ಇಂಥ ತೊಂದರೆ ಪುಸ್ತಕ ಬಿಟ್ಟ ಮೇಲೂ ವಾರಗಟ್ಟಲೆ ಹೋಗದಿದ್ದರೆ, ಹಗಲಲ್ಲೂ ಎದೆ ಹೊಡೆದುಕೊಂಡು ಕೆಲಸ ಕೆಟ್ಟರೆ, ಅದು ಕಥೆಯ ಹೆದರಿಕೆಯಲ್ಲ. ವೈದ್ಯರಿಗೆ ತೋರಿಸಬೇಕು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಇವರಿಗೆ ಅಷ್ಟು ಬೇಕಾಗಲಿಲ್ಲ.

ಕೊನೆಯ ಭೇಟಿಯ ಹೊತ್ತಿಗೆ ಗುಂಪು ಸರಣಿ ಕೊಲೆಗಾರನ ಕಾದಂಬರಿಯೊಂದನ್ನು ಆರಿಸಿತ್ತು. ಇವರು ಮೂರೂ ಪ್ರಶ್ನೆ ಕೇಳಿ, “ಇದು ನಂಗೆ ಬೇಡ, ನೀವು ಓದಿ, ನಾನು ಮುಂದಿನದಕ್ಕೆ ಬರ್ತೆ” ಎಂದಿದ್ದರಂತೆ. ಹಾಗೆ ಹೇಳಲು ಪುಸ್ತಕಕ್ಕಿಂತ ಜಾಸ್ತಿ ಹೆದರಿಕೆ ಆಯಿತಂತೆ. ಇನ್ನಿಬ್ಬರು ಗೆಳತಿಯರು “ನಮ್ಗೂ ಬೇಡ ಇತ್ತು ಮಾರಾಯ್ತಿ” ಎಂದರಂತೆ.