ಲೆಂಟ್‌ನಲ್ಲಿ ಮಟನ್ ಬಿಟ್ಟರೆ ಸಾಕಾ?

ನೀವು ಕೇಳಿದ್ದು ಇದು: ‘ಲೆಂಟ್ (ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ) ಬಂದರೆ ಚರ್ಚ್‌ನಲ್ಲಿ ನ್ಯಾಯ ಮಾಡಿ, ಮುರಿದದ್ದನ್ನು ಸರಿಮಾಡಿ ಅನ್ನುತ್ತಾರೆ. ದಿನಾ ದುಡಿದು ತಿನ್ನುವ ನಾನು ಏನು ಮಾಡೋಕಾಗುತ್ತೆ? ಮಟನ್ ಬಿಟ್ಟರೆ ಸಾಲದಾ?’

ನಾನು ಪಾಸ್ಟರ್ ಅಲ್ಲ. ಬೀದರ್‌ನಲ್ಲಿ ಮನೆ ಕಟ್ಟುವ ಮೇಸ್ತ್ರಿ, ಮೆಥೋಡಿಸ್ಟ್ ಸಭೆಯವನು. ಮಟನ್ ಬಿಡಿ, ಒಳ್ಳೆಯದೇ. ಆದರೆ ಅದಕ್ಕೂ ಮೊದಲು, ಯಾರ ದುಡ್ಡಾದರೂ ನಿಮ್ಮ ಹತ್ತಿರ ಉಳಿದಿದೆಯಾ ನೋಡಿ.

ಬೈಬಲ್‌ನಲ್ಲಿ ಯೆಶಾಯ 58ನೇ ಅಧ್ಯಾಯ ಓದಿ. ಜನ ಉಪವಾಸ ಮಾಡುತ್ತಾರೆ, ಬೂದಿ ಹಾಸಿಕೊಂಡು ತಲೆ ಬಗ್ಗಿಸುತ್ತಾರೆ. ಆದರೂ ದೇವರಿಗೆ ಸಿಟ್ಟು. ಯಾಕೆ? ಉಪವಾಸದ ದಿನವೂ ಆಳುಗಳನ್ನು ಹಿಂಡಿ ದುಡಿಸುತ್ತಿದ್ದರು. ಅದೇ ಅಧ್ಯಾಯದ 12ನೇ ವಚನದಲ್ಲಿ ಬಿರುಕು ಬಿಟ್ಟ ಗೋಡೆ ಸರಿಮಾಡುವವನ ಮಾತು ಬರುತ್ತದೆ. ಮೇಸ್ತ್ರಿಗೆ ಇಷ್ಟವಾಗೋ ವಚನ ಅಲ್ವಾ? ನಾನೂ ಎಷ್ಟೋ ವರ್ಷ ಆ ವಚನ ಮಾತ್ರ ನೆನಪಿಟ್ಟುಕೊಂಡು, ಆಳುಗಳ ಮಾತು ಮರೆತುಬಿಟ್ಟಿದ್ದೆ.

ನಮ್ಮ ಕೆಲಸಕ್ಕೆ ಬರುತ್ತಿದ್ದ ಒಬ್ಬ ಅಕ್ಕ ಮಗಳ ಬಾಣಂತನಕ್ಕೆ ಅಂತ ಅರ್ಧಕ್ಕೇ ಬಿಟ್ಟು ಹೋದರು. ಅವರ 11 ದಿನದ ಪಗಾರ ಬಾಕಿ ಇತ್ತು. ಸ್ಲ್ಯಾಬ್ ಮುಗಿಯಲಿ ಕೊಡ್ತೀನಿ ಅಂದೆ. ಎರಡು ಸಲ ಬಂದು ಕೇಳಿದರು. ಆಮೇಲೆ ಬರಲಿಲ್ಲ. ನಾನೂ ಸುಮ್ನಾದೆ. ಎರಡು ವರ್ಷ ಆಯ್ತು.

ಒಂದು ಲೆಂಟ್‌ನಲ್ಲಿ ಪಾಸ್ಟರ್ ಯಾಕೋಬನ ಪತ್ರಿಕೆಯ 5:4 ಓದಿದರು. ಹೊಲ ಕೊಯ್ದವರ ಹಿಡಿದಿಟ್ಟ ಕೂಲಿ ಕೂಗುತ್ತದೆ ಅಂತ ಅಲ್ಲಿದೆ. ಮನೆಗೆ ಹೋಗಿ ಹಳೆಯ ಹಾಜರಿ ಪುಸ್ತಕ ತೆಗೆದೆ. ಸಿಮೆಂಟ್ ಧೂಳಿನ ಪುಟ. ಅವರ ಹೆಸರಿನ ಮುಂದೆ 11 ಗೀಟು, ಕೊನೆಯಲ್ಲಿ ನನ್ನದೇ ಅಕ್ಷರದಲ್ಲಿ ‘ಬಾಕಿ 3,300’. ನಮ್ಮಜ್ಜ ಊರ ಗೌಡರ ಹೊಲದಲ್ಲಿ ಬಿಟ್ಟಿ ಚಾಕರಿ ಮಾಡಿದವರು. ಇಲ್ಲಿನ ಸಭೆಗಳಲ್ಲಿ ಎಷ್ಟೋ ದಲಿತ ಮನೆತನಗಳ ಕಥೆ ಹೀಗೇ ಇದೆ. ಅವರ ಮೊಮ್ಮಗ ನಾನು, ಇನ್ನೊಬ್ಬರ ಕೂಲಿ ನುಂಗಿ ಕೂತಿದ್ದೆ.

5,000 ತೆಗೆದುಕೊಂಡು ಅವರ ಊರಿಗೆ ಹೋದೆ. ಅಂಗಳದಲ್ಲಿ ಕಡಲೆ ಬಡಿಯುತ್ತಿದ್ದರು. ‘ಈಗ್ಯಾಕ ತಂದಿ ಅಣ್ಣಾ?’ ಅಂದರು. ತಪ್ಪಾಯ್ತು ಅಂದೆ. ಕೈಯ ಹೊಟ್ಟು ಸೀರೆಗೆ ಒರೆಸಿಕೊಂಡು, ದುಡ್ಡನ್ನು ಎರಡು ಸಲ ಎಣಿಸಿದರು. ಆಮೇಲೆ, ‘ಈಗ ಹೆಣ್ಣಾಳಿಗೆ ಎಷ್ಟ್ ಕೊಡ್ತಿ?’ ಅಂತ ಕೇಳಿದರು. ಬಾಯಿ ಕಟ್ಟಿತು. ಗಂಡಾಳಿಗೆ 500, ಹೆಣ್ಣಾಳಿಗೆ 350 ಕೊಡುತ್ತಿದ್ದೆ. ಬುಟ್ಟಿ ಅದೇ, ಏಣಿ ಅದೇ. ಸಮಾನ ಕೆಲಸಕ್ಕೆ ಸಮಾನ ಕೂಲಿ ಅಂತ 1976ರಲ್ಲೇ ಕಾನೂನು ಬಂದಿದೆ!

ಬೈಬಲ್‌ನ ಲೂಕ 19ನೇ ಅಧ್ಯಾಯದ ಜಕ್ಕಾಯ ಆಮೇಲೆ ಅರ್ಥವಾದ. ತೆರಿಗೆ ವಸೂಲಿಯಲ್ಲಿ ದುಡ್ಡು ಮಾಡಿದವನು. ಆಸ್ತಿಯಲ್ಲಿ ಅರ್ಧ ಬಡವರಿಗೆ ಅನ್ನುತ್ತಾನೆ. ಮೋಸ ಮಾಡಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಅನ್ನುತ್ತಾನೆ. ಕದ್ದ ಒಂದು ಕುರಿಗೆ ನಾಲ್ಕು ಕುರಿ ಕೊಡಬೇಕು ಅಂತ ಮೋಶೆಯ ನಿಯಮದಲ್ಲೂ ಇತ್ತು. ಅಂದರೆ ದಾನ ಬೇರೆ, ಬಾಕಿ ಬೇರೆ. ನಾವು ಬಾಕಿ ಇಟ್ಟುಕೊಂಡೇ ಕಾಣಿಕೆ ಚೀಲಕ್ಕೆ ಹಾಕುತ್ತೇವೆ. ನಾನು ಕೊಟ್ಟಿದ್ದು ನಾಲ್ಕರಷ್ಟೂ ಅಲ್ಲ, ಎರಡರಷ್ಟೂ ಅಲ್ಲ.

ಮರುವಾರ ಹೆಣ್ಣಾಳಿನ ಕೂಲಿ 450 ಮಾಡಿದೆ. ಜೊತೆಯ ಮೇಸ್ತ್ರಿಗಳು ರೇಟು ಕೆಡಿಸ್ತೀಯಾ ಅಂತ ಬೈದರು, ಒಂದು ಮನೆ ಕೆಲಸವೂ ಕೈತಪ್ಪಿತು. ಇನ್ನೂ 50 ರೂಪಾಯಿ ವ್ಯತ್ಯಾಸ ಉಳಿದಿದೆ, ಅದನ್ನು ಮುಚ್ಚಿಟ್ಟು ಬರೆಯಲಾರೆ.

ಇನ್ನೊಂದು ಮಾತು. ನೊಂದವರಿಗೆ ‘ಲೆಂಟ್ ಅಲ್ವಾ, ಕ್ಷಮಿಸಿಬಿಡಿ’ ಅಂತ ಹೇಳೋಕೆ ಮಾತ್ರ ಹೋಗಬೇಡಿ. ಕ್ಷಮೆ ಅವರದು, ಕೊಟ್ಟರೆ ಕೊಟ್ಟಾರು. ಆ ಅಕ್ಕ ನನ್ನನ್ನು ಕ್ಷಮಿಸಿದ್ದಾರಾ ಅಂತ ನಾನು ಕೇಳಿಲ್ಲ. ಹೋದ ವರ್ಷ ತಮ್ಮ ಸೊಸೆಯನ್ನು ಕೆಲಸಕ್ಕೆ ಕಳಿಸಿದರು, ವಾರದ ಪಗಾರ ಶನಿವಾರ ಸಂಜೆಯೇ ಕೈಗೆ ಬರಬೇಕು ಅಂತ ಹೇಳಿ.