ಎರಡು ತುದಿ ಸೊನ್ನೆಗೆ ಯಾಕೆ ಇಳಿಯಬೇಕು?

ಪ್ರಶ್ನೆ: ಅಕ್ಕೋರೆ, ನಾನು ಒಂಬತ್ತನೇ ತರಗತಿ. ಆವೃತ್ತಿ ಬಹುಭುಜಾಕೃತಿಯಲ್ಲಿ (ಪ್ರತಿ ಗುಂಪಿನಲ್ಲಿ ಎಷ್ಟಿವೆ ಎಂದು ಚುಕ್ಕೆ ಇಟ್ಟು ಗೆರೆಯಿಂದ ಸೇರಿಸುವ ಚಿತ್ರ) ಚುಕ್ಕೆಗಳನ್ನೆಲ್ಲ ಸರಿಯಾಗಿಯೇ ಇಟ್ಟಿದ್ದೆ. ಎರಡೂ ತುದಿ ಅಡಿಗೆರೆಗೆ ಇಳಿಸಿಲ್ಲ ಎಂದು ಒಂದು ಅಂಕ ಕಳೆದರು. ತುದಿ ಇಳಿಸಲು ಇಲ್ಲದ ವರ್ಗವನ್ನು, ಅಂದರೆ ಅಳತೆಯ ಗುಂಪನ್ನು, ನಾವೇ ಸೇರಿಸುವುದು ಯಾಕೆ? ಸರ್ ಹತ್ತಿರ ಕೇಳಿದರೆ ‘ಅದು ನಿಯಮ’ ಎಂದರು.
– ಒಬ್ಬ ವಿದ್ಯಾರ್ಥಿನಿ, ಅಂಕೋಲಾ

ಉತ್ತರ: ತಂಗಿ, ನಿನ್ನ ಸರ್ ಮೇಲೆ ಸಿಟ್ಟು ಬೇಡ. ನಾನೂ ಎಷ್ಟೋ ವರ್ಷ ಹಾಗೇ ಹೇಳಿ ದಾಟಿಸಿದವಳು. ಗಂಟೆ ಹೊಡೆಯುತ್ತಿತ್ತು, ಪಾಠ ಮುಗಿಸಬೇಕಿತ್ತು.

ಕಳೆದ ವಾರ ನೆಂಟರು ಬಂದಿದ್ದರು. ಮನೆಯವರು ಕಾರವಾರದ ಪೇಟೆಯಿಂದ 30 ಬಂಗಡೆ ತಂದರು. ನಿನ್ನ ಪತ್ರ ತಲೆಯಲ್ಲಿತ್ತು. ಕೊಯ್ಯುವ ಮೊದಲು ಮೊಮ್ಮಗನ ಒಂದಡಿ ಸ್ಕೇಲ್ ಹಿಡಿದು ಎಲ್ಲದರ ಉದ್ದ ಅಳೆದೆ. (ಸ್ಕೇಲ್ ಇನ್ನೂ ವಾಸನೆ ಹೊಡೆಯುತ್ತಿದೆ, ಅವನು ಮುಟ್ಟುತ್ತಿಲ್ಲ. ಶಿರಸಿ ಕಡೆಯ ಓದುಗರು ಮುಖ ಸಿಂಡರಿಸಬೇಡಿ, ಬಂಗಡೆ ಬದಲು ಬಾಳೆಕಾಯಿ ಅಂದುಕೊಳ್ಳಿ.)

16–18 ಸೆಂ.ಮೀ. 3 ಮೀನು, 18–20ಕ್ಕೆ 7, 20–22ಕ್ಕೆ 11, 22–24ಕ್ಕೆ 6, 24–26ಕ್ಕೆ 3. ಸರಿಯಾಗಿ 20 ಇದ್ದದ್ದು 20–22ಕ್ಕೆ ಹೋಯಿತು.

ಮೊದಲು ಪೆನ್ಸಿಲ್‌ನಿಂದ ಸ್ತಂಭಾಲೇಖ, ಅಂದರೆ ಒಂದಕ್ಕೊಂದು ತಾಗಿದ ಕಂಬಗಳ ಚಿತ್ರ ಬರೆ; ಕಂಬದ ಅಗಲ 2, ಎತ್ತರ ಮೀನಿನ ಸಂಖ್ಯೆ. ಪ್ರತಿ ಕಂಬದ ತಲೆಯ ನಡುವೆ ಚುಕ್ಕೆ ಇಡು, ಅಂದರೆ 17, 19, 21, 23, 25ರ ಮೇಲೆ. ಸ್ಕೇಲ್ ಇಟ್ಟು ಸೇರಿಸು. ಇಲ್ಲಿಯವರೆಗೆ ನೀನೂ ಮಾಡಿದ್ದೀಯಲ್ವಾ?

ಈಗ ಮೊದಲ ಕಂಬ ಮಾತ್ರ ನೋಡು. ಅದರ ಎತ್ತರ 3. ಹಿಂದಿನ ವರ್ಗ 14–16, ಅದರಲ್ಲಿ ಮೀನೇ ಇಲ್ಲ, ಮಧ್ಯಬಿಂದು 15. ಅಲ್ಲಿ ಸೊನ್ನೆಗೆ ಚುಕ್ಕೆ ಇಟ್ಟು 17ರ ಚುಕ್ಕೆಗೆ ಗೆರೆ ಎಳೆ. ಗೆರೆ ಕಂಬದ ಎಡಗೋಡೆಯನ್ನು ಒಂದೂವರೆ ಎತ್ತರದಲ್ಲಿ ದಾಟುತ್ತದೆ. ಗೆರೆಯ ಮೇಲೆ ಕಂಬದ ಒಂದು ಮೂಲೆ ಉಳಿಯಿತು, ಕಂಬದ ಹೊರಗೆ ಗೆರೆಯ ಕೆಳಗೆ ಒಂದು ಖಾಲಿ ತ್ರಿಕೋನ ಬಂತು. ಎರಡರದ್ದೂ ಪಾದ 1, ಎತ್ತರ ಒಂದೂವರೆ. ಕತ್ತರಿಯಲ್ಲಿ ಮೂಲೆ ಕತ್ತರಿಸಿ ಕೆಳಗೆ ಅಂಟಿಸಿದರೆ ಗಪ್ಪಂತ ಕೂರುತ್ತದೆ. ಬಲತುದಿಯನ್ನೂ ಹೀಗೇ 26–28ರ ಮಧ್ಯಬಿಂದು 27ಕ್ಕೆ ಇಳಿಸು. ಬೇರೆ ಕಂಬಗಳ ಮೂಲೆಗಳೂ ಹೀಗೇ ಪಕ್ಕದ ಗುಂಡಿ ತುಂಬುತ್ತವೆ.

ಕಂಬಗಳ ಒಟ್ಟು ವಿಸ್ತೀರ್ಣ 30 × 2, ಅಂದರೆ 60. ಗೆರೆಯ ಕೆಳಗಿನದನ್ನು ತುಂಡುತುಂಡಾಗಿ ಕೂಡು: 3 + 10 + 18 + 17 + 9 + 3. ಅದೂ 60. ತುದಿ ಇಳಿಸದೇ ಬಿಟ್ಟರೆ ಆಚೆ 3, ಈಚೆ 3 ಹೋಗಿ 54 ಉಳಿಯುತ್ತದೆ. ಒಂದು ಮೀನಿಗೆ 2 ಚದರ ಲೆಕ್ಕ. ನಿನ್ನ ಚಿತ್ರದಲ್ಲಿ 27 ಬಂಗಡೆ ಇವೆ, 3 ಬೆಕ್ಕು ತಿಂದಿತು ಅಂತಲೇ ಲೆಕ್ಕ!

ಒಂದು ಕಡೆ ಹುಷಾರು. ಮೊದಲ ವರ್ಗ 0–10 ಅಂಕ ಎಂದಿದ್ದರೆ ಹಿಂದಿನ ಮಧ್ಯಬಿಂದು -5 ಆಗುತ್ತದೆ. ಸೊನ್ನೆಗಿಂತ ಕಡಿಮೆ ಅಂಕ ಯಾರಿಗೂ ಬರುವುದಿಲ್ಲವಲ್ಲ, ಹಾಗಾಗಿ ಗೆರೆಯನ್ನು ಲಂಬ ಅಕ್ಷದಲ್ಲೇ ನಿಲ್ಲಿಸಿ ಮೂಲಬಿಂದುವಿಗೆ ಇಳಿಸುವುದು ಪಠ್ಯಪುಸ್ತಕದ ರೂಢಿ.

ಕಂಬ ಇರುವಾಗ ಗೆರೆ ಯಾಕೆ ಎಂದು ಮುಂದಿನ ಪತ್ರದಲ್ಲಿ ನೀನೇ ಕೇಳುತ್ತೀಯ. ಎರಡು ಬುಟ್ಟಿ ಮೀನನ್ನು ಹೋಲಿಸಬೇಕು ಅಂದುಕೋ. ಕಂಬದ ಮೇಲೆ ಕಂಬ ಹಾಕಿದರೆ ಗೋಜಲು. ಗೆರೆಯಾದರೆ ಒಂದು ನೀಲಿ, ಒಂದು ಕೆಂಪು, ಆಯಿತು. ಒಂದೇ ಬುಟ್ಟಿಯ ಗೆರೆಯಲ್ಲಿ ಎರಡು ದಿಬ್ಬ ಎದ್ದರೆ ಇನ್ನೂ ಮಜಾ. ಎರಡು ವಯಸ್ಸಿನ ಮೀನು ಬೆರೆತಿರಬಹುದು. ಮೀನಿನ ಉದ್ದದಿಂದ ಹೀಗೆ ವಯಸ್ಸು ಅಂದಾಜು ಮಾಡುವ ದಾರಿಯನ್ನು ಡೆನ್ಮಾರ್ಕಿನ ಮೀನು ವಿಜ್ಞಾನಿ ಪೀಟರ್ಸನ್ 1890ರ ದಶಕದಲ್ಲೇ ತೋರಿಸಿದ್ದರು. ನನ್ನ ಬುಟ್ಟಿಯಲ್ಲಿ ಎದ್ದದ್ದು ಒಂದೇ ದಿಬ್ಬ, 21ರ ಹತ್ತಿರ.

ಕಳೆದ ಆ ಒಂದು ಅಂಕ ಕೇಳಲು ಮಾತ್ರ ಹೋಗಬೇಡ. ಅದು ಹೋಯಿತು.