ಹಳೇ ಬಾಯ್ಲರ್, ಹೊಸ ಬಾಯ್ಲರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಬ್ರಿಟನ್ನಿನಲ್ಲಿ ನೆಲೆಸಿರುವ ಓದುಗರಿಂದ ಚಳಿಗಾಲಕ್ಕೆ ಮುಂಚೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮನೆ ಬೆಚ್ಚಗಿಡುವ ಗ್ಯಾಸ್ ಬಾಯ್ಲರ್ ಬಗ್ಗೆಯೇ ಇದ್ದವು. ಆಯ್ದ ಕೆಲವಕ್ಕೆ ಇಲ್ಲಿ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ರೆಡಿಂಗ್‌ನಲ್ಲಿ ಮೂರು ಬೆಡ್‌ರೂಮಿನ ಹಳೇ ಮನೆ ಕೊಂಡಿದ್ದೇವೆ. ಅಡುಗೆಮನೆಯಲ್ಲಿ ಬೀಡುಕಬ್ಬಿಣದ ಬಾಯ್ಲರ್ ಇದೆ, ಅದರ ಪೈಲಟ್ ಜ್ವಾಲೆ ಹಗಲೂ ರಾತ್ರಿ ಉರಿಯುತ್ತಲೇ ಇರುತ್ತದೆ. ಮಹಡಿಯಲ್ಲಿ ಬಿಸಿನೀರಿನ ಸಿಲಿಂಡರ್, ಅಟ್ಟದಲ್ಲಿ ಎರಡು ತೊಟ್ಟಿ. ಎಲ್ಲ ಕಿತ್ತುಹಾಕಿ 35 ಕಿಲೋವ್ಯಾಟ್‌ನ ಕಾಂಬಿ (ಮನೆ ಬೆಚ್ಚಗಿಡುವುದರ ಜೊತೆ ನಲ್ಲಿಯ ನೀರನ್ನೂ ತಾನೇ ಕಾಯಿಸುವ ಬಾಯ್ಲರ್) ಹಾಕಿಸಿ ಎಂದು ಒಬ್ಬರು ಹೇಳಿದ್ದಾರೆ. ಹಾಕಿಸಬಹುದೆ?

ಉತ್ತರ: ಬಾಯ್ಲರ್ ಬದಲಿಸಿ, ಅದರಲ್ಲಿ ಎರಡು ಮಾತಿಲ್ಲ. ಅಂಥ ಹಳೆಯವು ಉರಿಸಿದ ಗ್ಯಾಸಿನ ಶಾಖದಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಹೊಗೆಕೊಳವೆಯಿಂದ ಹೊರಗೆ ಬಿಟ್ಟುಬಿಡುತ್ತವೆ. ಆದರೆ 35 ಎಂಬ ಅಂಕಿಯನ್ನು ಒಪ್ಪುವ ಮೊದಲು ಮನೆಯ ಲೆಕ್ಕ, ನಲ್ಲಿಯ ಲೆಕ್ಕ ಎರಡನ್ನೂ ಬೇರೆ ಬೇರೆ ಮಾಡಿಸಿ.

ಎರಡು ಪದರದ ಹೊರಗೋಡೆಯ ನಡುವಿನ ಪೊಳ್ಳಿಗೆ ಶಾಖನಿರೋಧಕ ತುಂಬಿಸಿ, ಕಿಟಕಿಗೆ ಜೋಡಿ ಗಾಜು ಹಾಕಿಸಿದ ಮೂರು ಬೆಡ್‌ರೂಮಿನ ಮನೆಗೆ ಕೊರೆಯುವ ಚಳಿಯಲ್ಲೂ ಸಾಮಾನ್ಯವಾಗಿ 6ರಿಂದ 8 ಕಿಲೋವ್ಯಾಟ್ ಸಾಕು. ಉಳಿದದ್ದೆಲ್ಲ ಬಿಸಿನೀರಿಗೆ. ಕಾಂಬಿ ನೀರನ್ನು ಶೇಖರಿಸುವುದಿಲ್ಲ. ಊರಿನ ಬಚ್ಚಲುಮನೆಯ ಗ್ಯಾಸ್ ಗೀಸರ್ ಹಾಗೆ ಹರಿಯುವಾಗಲೇ ಕಾಯಿಸುತ್ತದೆ. ಲೆಕ್ಕ ಸುಲಭ: ನಿಮಿಷಕ್ಕೆ ಎಷ್ಟು ಲೀಟರ್ ಬೇಕೋ ಅದನ್ನು ಎಷ್ಟು ಡಿಗ್ರಿ ಬಿಸಿಯೇರಬೇಕೋ ಅದರಿಂದ ಗುಣಿಸಿ, ಮತ್ತೆ 0.07ರಿಂದ ಗುಣಿಸಿದರೆ ಕಿಲೋವ್ಯಾಟ್ ಸಿಗುತ್ತದೆ. ಜನವರಿಯಲ್ಲಿ 5 ಡಿಗ್ರಿಯಲ್ಲಿ ಬರುವ ನೀರು ಸ್ನಾನಕ್ಕೆ 40 ಆಗಬೇಕು ಎಂದಾದರೆ 24 ಕಿಲೋವ್ಯಾಟ್‌ನ ಕಾಂಬಿ ನಿಮಿಷಕ್ಕೆ ಸುಮಾರು 10 ಲೀಟರ್ ಕೊಡುತ್ತದೆ, 35ರದು 14.

ಈಗ ಅಡುಗೆಮನೆಯ ತಣ್ಣೀರಿನ ನಲ್ಲಿಯನ್ನು ಪೂರ್ತಿ ತಿರುಗಿಸಿ 10 ಲೀಟರ್ ಬಕೆಟ್ ಇಡಿ. ತುಂಬಲು ಒಂದು ನಿಮಿಷ ಹಿಡಿದರೆ, ಎಷ್ಟು ದೊಡ್ಡ ಕಾಂಬಿ ತಂದರೂ ಅದಕ್ಕಿಂತ ಹೆಚ್ಚು ನೀರು ಬಾರದು. ಒಂದೇ ಬಚ್ಚಲಿದ್ದರೆ 24ರಿಂದ 30 ಕಿಲೋವ್ಯಾಟ್ ಸಾಕು. ಬೆಳಿಗ್ಗೆ ಎರಡು ಬಚ್ಚಲಲ್ಲಿ ಒಟ್ಟಿಗೆ ಸ್ನಾನ ನಡೆಯುವ ಮನೆಯಾದರೆ ಸಿಲಿಂಡರ್ ಕೀಳಿಸಬೇಡಿ, ಸಿಲಿಂಡರ್‌ನ ನೀರನ್ನು ಕಾಯಿಸುವ ‘ಸಿಸ್ಟಮ್ ಬಾಯ್ಲರ್’ ಕೇಳಿ. ಗರಿಷ್ಠ ಅಂಕಿಯ ಜೊತೆ ಕನಿಷ್ಠ ಅಂಕಿಯನ್ನೂ ಕೇಳುವುದು ಮುಖ್ಯ. ಮನೆಗೆ 3 ಕಿಲೋವ್ಯಾಟ್ ಸಾಕಾದ ದಿನ 7ಕ್ಕಿಂತ ಕೆಳಗಿಳಿಯಲಾರದ ಬಾಯ್ಲರ್ ಗಳಿಗೆಗೊಮ್ಮೆ ಹೊತ್ತಿ ಆರಿ, ಗ್ಯಾಸನ್ನೂ ತಿನ್ನುತ್ತದೆ, ತಾನೂ ಸವೆಯುತ್ತದೆ.

ಕೊಟೇಶನ್‌ನಲ್ಲಿ ಇವು ಬರಹದಲ್ಲಿರಲಿ. ಮೀಟರ್‌ನಿಂದ ಬಾಯ್ಲರ್‌ವರೆಗೆ ಗ್ಯಾಸಿನ ಒತ್ತಡ 1 ಮಿಲಿಬಾರ್‌ಗಿಂತ ಹೆಚ್ಚು ಇಳಿಯಬಾರದು. ಹಳೇ 15 ಮಿ.ಮೀ. ಪೈಪು ಕಾಂಬಿಗೆ ಸಾಲದೆ ಬಹಳಷ್ಟು ಮನೆಗಳಲ್ಲಿ 22 ಮಿ.ಮೀ. ಎಳೆಯಬೇಕಾಗುತ್ತದೆ. ಅಟ್ಟದ ತೊಟ್ಟಿ ತೆಗೆದರೆ ರೇಡಿಯೇಟರ್‌ಗಳ ಮೇಲೆ ಹಿಂದಿಲ್ಲದ ಒತ್ತಡ ಬೀಳುತ್ತದೆ, ತುಕ್ಕು ಹಿಡಿದ ಬೆಸುಗೆ ಒಸರಬಹುದು. ಆ ಖರ್ಚು ಯಾರದು ಎಂದು ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಇಂಗ್ಲೆಂಡಿನಲ್ಲಿ 2018ರ ಏಪ್ರಿಲ್‌ನಿಂದ ಹೊಸ ಬಾಯ್ಲರ್ ಜೊತೆಗೆ ಸಮಯ ಮತ್ತು ಉಷ್ಣತೆಯ ನಿಯಂತ್ರಣ ಕಡ್ಡಾಯ. ಕಾಂಬಿಯಾದರೆ ಇನ್ನೊಂದು ಉಳಿತಾಯದ ಸೌಲಭ್ಯವೂ ಇರಬೇಕು. ನಮ್ಮ ಆಯ್ಕೆ, ಹೊರಗಿನ ಚಳಿ ನೋಡಿಕೊಂಡು ನೀರಿನ ಬಿಸಿಯನ್ನು ಹೊಂದಿಸುವ ಸೆನ್ಸರ್. ಕೆಲಸ ಮಾಡುವವರು ಗ್ಯಾಸ್ ಸೇಫ್ (ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿ) ನೋಂದಣಿ ಇರುವವರೇ ಆಗಿರಬೇಕು. ಕಾರ್ಡಿನ ಹಿಂಬದಿ ತಿರುಗಿಸಿ ನೋಡಿ, ಯಾವ ಕೆಲಸಕ್ಕೆ ಅರ್ಹತೆ ಇದೆ ಎಂಬುದು ಅಲ್ಲಿರುತ್ತದೆ.

ಪ್ರಶ್ನೆ: ಬಾಯ್ಲರ್ ಹಾಕಿಸಿ ಎರಡೇ ವರ್ಷ. ಈಗ ಕುದಿಯುವ ಕೆಟಲ್‌ನಂತೆ ಸದ್ದು ಮಾಡುತ್ತಿದೆ. ಕೆಳಗಿನ ರೇಡಿಯೇಟರ್‌ಗಳ ತಲೆ ಬಿಸಿ, ಬುಡ ತಣ್ಣಗೆ. ಹಳೆಯದು ಮೂವತ್ತು ವರ್ಷ ಬಾಳಿತ್ತು! (ಲೆಸ್ಟರ್)

ಉತ್ತರ: ನಿಮ್ಮ ಬಾಯ್ಲರ್ ಹೊಸದು, ನೀರು ಹಳೆಯದು. ರೇಡಿಯೇಟರ್‌ನ ತಲೆ ತಣ್ಣಗಿದ್ದರೆ ಒಳಗೆ ಗಾಳಿ ಸೇರಿದೆ. ಬುಡ ತಣ್ಣಗಿದ್ದರೆ ಕೆಸರು ಕೂತಿದೆ. ಉಕ್ಕಿನ ರೇಡಿಯೇಟರ್ ಒಳಗಿಂದ ತುಕ್ಕು ಹಿಡಿದು ಮ್ಯಾಗ್ನಟೈಟ್ ಎಂಬ ನುಣುಪಾದ ಕಪ್ಪು ಪುಡಿಯಾಗುತ್ತದೆ. ರೇಡಿಯೇಟರ್ ಕೀಲಿಯಿಂದ ಬ್ಲೀಡ್ ಸ್ಕ್ರೂ ಸಡಿಲಿಸಿ ಒಂದು ಬಿಳಿ ಲೋಟಕ್ಕೆ ಸ್ವಲ್ಪ ನೀರು ಹಿಡಿಯಿರಿ. ಶಾಯಿಯಂತೆ ಕಪ್ಪಗಿದ್ದು, ಲೋಟದ ಹೊರಗೆ ಆಯಸ್ಕಾಂತ ಹಿಡಿದಾಗ ಪುಡಿ ಆ ಕಡೆ ಸರಿದರೆ ಬೇರೆ ಪರೀಕ್ಷೆ ಬೇಕಿಲ್ಲ. ಹಳೇ ಬೀಡುಕಬ್ಬಿಣದ ಬಾಯ್ಲರ್‌ನೊಳಗಿನ ದಾರಿಗಳು ಅಗಲವಾಗಿದ್ದವು, ಈ ಕೆಸರನ್ನು ಸಹಿಸಿಕೊಂಡವು. ಹೊಸದರಲ್ಲಿ ಉರಿಯ ಶಾಖವನ್ನು ನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್‌ನ ದಾರಿ ಬಹಳ ಕಿರಿದು. ಅಲ್ಲಿ ಕೆಸರೋ ಸುಣ್ಣವೋ ಕಟ್ಟಿಕೊಂಡು ನೀರಿನ ಓಟ ತಗ್ಗಿದೊಡನೆ ಅಲ್ಲಲ್ಲೇ ಕುದಿಯುತ್ತದೆ. ನಿಮಗೆ ಕೇಳುತ್ತಿರುವ ಸದ್ದು ಅದೇ.

ಶುದ್ಧಿಕಾರಕ ರಾಸಾಯನಿಕ ಹಾಕಿ, ತಯಾರಕರು ಹೇಳಿದಷ್ಟು ದಿನ ಓಡಿಸಿ, ಆಮೇಲೆ ಒಂದೊಂದೇ ರೇಡಿಯೇಟರ್ ತೆರೆದಿಟ್ಟು ತಿಳಿನೀರು ಬರುವವರೆಗೆ ಯಂತ್ರದಿಂದ ತೊಳೆಸಬೇಕು. ಪೈಪು 8 ಅಥವಾ 10 ಮಿ.ಮೀ. ತೆಳುವಿನದಾದರೆ ಕೆಸರು ಪೈಪಿನೊಳಗೇ ಸಿಕ್ಕಿಕೊಳ್ಳುವ ಅಪಾಯವಿದೆ. ಆಗ ರೇಡಿಯೇಟರ್ ಕಳಚಿ, ಹೊರಗೊಯ್ದು, ಹೋಸ್‌ಪೈಪಿನಿಂದ ತೊಳೆಯುವುದೇ ಮೇಲು. ಬಾಯ್ಲರ್‌ಗೆ ಮರಳುವ ಪೈಪಿನಲ್ಲಿ ಆಯಸ್ಕಾಂತದ ಫಿಲ್ಟರ್ ಕೂರಿಸಿ, ವರ್ಷಕ್ಕೊಮ್ಮೆ ಬಿಚ್ಚಿ ಒರೆಸಿ. ಕೊನೆಗೆ ತುಕ್ಕು ತಡೆಯುವ ಇನ್‌ಹಿಬಿಟರ್. ಎಷ್ಟು ಲೀಟರ್ ನೀರಿಗೆ ಒಂದು ಬಾಟಲಿ ಎಂಬುದು ಲೇಬಲ್ ಮೇಲಿರುತ್ತದೆ. ದೊಡ್ಡ ಮನೆಗೆ ಒಂದು ಸಾಲದು. ತೊಳೆಯದೆ ಹೊಸ ಬಾಯ್ಲರ್ ಜೋಡಿಸುವುದು ಗ್ರಾಹಕರಿಗೆ ಮಾಡುವ ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ಎಷ್ಟೋ ವಾರಂಟಿಗಳು ಈ ಕಾರಣಕ್ಕೇ ತಿರಸ್ಕೃತವಾಗುತ್ತವೆ.

ಪ್ರಶ್ನೆ: ಒತ್ತಡದ ಮುಳ್ಳು ವಾರಕ್ಕೆರಡು ಸಲ ಸೊನ್ನೆಗೆ ಬರುತ್ತದೆ. ಪ್ರತಿ ಸಲ ನೀರು ತುಂಬುತ್ತಿದ್ದೇನೆ. ಪರವಾಗಿಲ್ಲವೆ? (ಸ್ಲೌ)

ಉತ್ತರ: ಹಾಗೆ ತುಂಬುತ್ತಲೇ ಹೋಗಬೇಡಿ. ಹೊಸ ನೀರಿನ ಜೊತೆ ಆಮ್ಲಜನಕ ಒಳಸೇರುತ್ತದೆ, ಇನ್‌ಹಿಬಿಟರ್ ತೆಳುವಾಗುತ್ತದೆ, ಮೇಲಿನ ಪತ್ರದಲ್ಲಿ ಹೇಳಿದ ಕೆಸರು ಶುರುವಾಗುತ್ತದೆ. ತಣ್ಣಗಿದ್ದಾಗ ಮುಳ್ಳು 1ರಿಂದ 1.5 ಬಾರ್‌ನಲ್ಲಿರಬೇಕು. ಬಿಸಿಯಾದಾಗ ಹತ್ತಿರ ಹತ್ತಿರ 3ಕ್ಕೇರಿ, ಹೊರಗೋಡೆಯ ಸಣ್ಣ ತಾಮ್ರದ ಪೈಪಿನಿಂದ ನೀರು ತೊಟ್ಟಿಕ್ಕಿ, ತಣಿದ ಮೇಲೆ ಸೊನ್ನೆಗಿಳಿಯುತ್ತಿದ್ದರೆ ಎಕ್ಸ್‌ಪಾನ್ಷನ್ ವೆಸೆಲ್‌ನ (ಬಿಸಿಯಾಗಿ ಹಿಗ್ಗಿದ ನೀರಿಗೆ ಜಾಗ ಕೊಡುವ, ಗಾಳಿ ತುಂಬಿದ ಡಬ್ಬಿ) ಗಾಳಿ ಹೋಗಿದೆ. ಇಂಜಿನಿಯರ್ ಅದರ ವಾಲ್ವಿನ ಕಡ್ಡಿ ಒತ್ತಿದಾಗ ನೀರು ಚಿಮ್ಮಿದರೆ ಒಳಗಿನ ರಬ್ಬರ್ ಹರಿದಿದೆ, ವೆಸೆಲ್ ಬದಲಿಸಬೇಕು. ಇಲ್ಲವಾದರೆ ನೀರಿನ ಒತ್ತಡ ಪೂರ್ತಿ ಇಳಿಸಿ, ಪಂಪಿನಿಂದ 0.75ರಿಂದ 1 ಬಾರ್ ಗಾಳಿ ತುಂಬಿದರೆ ಸರಿಹೋಗುತ್ತದೆ.

ಮುಳ್ಳು ಏರದೆ ಬರೀ ಇಳಿಯುತ್ತಿದ್ದರೆ ಎಲ್ಲೋ ಸೋರಿಕೆಯಿದೆ. ರಾತ್ರಿ ಬಾಯ್ಲರ್ ಆರಿಸಿ, ತಣಿದ ಮೇಲೆ ಅದರ ಕೆಳಗಿನ ಹೋಗುವ-ಬರುವ ಎರಡೂ ಹೀಟಿಂಗ್ ವಾಲ್ವ್ ಮುಚ್ಚಿ. ಬೆಳಿಗ್ಗೆ ಮುಳ್ಳು ಇಳಿದಿದ್ದರೆ ಸೋರಿಕೆ ಬಾಯ್ಲರ್‌ನಲ್ಲಿದೆ. ಇದ್ದಲ್ಲೇ ಇದ್ದರೆ ಪೈಪು, ರೇಡಿಯೇಟರ್‌ಗಳಲ್ಲಿ ಹುಡುಕಿ. ವಾಲ್ವ್ ಮತ್ತೆ ತೆರೆದ ಮೇಲೆಯೇ ಬಾಯ್ಲರ್ ಹಚ್ಚಿ.

ಪ್ರಶ್ನೆ: ಹೀಟಿಂಗ್ ನೀರು ಎಷ್ಟು ಡಿಗ್ರಿಗಿರಬೇಕು? ನಮ್ಮದು 80ರಲ್ಲಿದೆ.

ಉತ್ತರ: ಇಳಿಸಿ. ಈಗಿನ ಕಂಡೆನ್ಸಿಂಗ್ ಬಾಯ್ಲರ್ ಹೊಗೆಯಲ್ಲಿರುವ ಹಬೆಯನ್ನು ನೀರಾಗಿಸಿ ಅದರ ಶಾಖವನ್ನೂ ಹಿಡಿಯುತ್ತದೆ. ಅದಕ್ಕೆ ರೇಡಿಯೇಟರ್‌ಗಳಿಂದ ಮರಳುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿರಬೇಕು. 80ಕ್ಕಿಟ್ಟರೆ ಮರಳುವುದೇ 60ರ ಮೇಲೆ, ದುಡ್ಡು ಕೊಟ್ಟು ಕೊಂಡ ಗುಣ ಸಿಗುವುದಿಲ್ಲ. ಕಾಂಬಿಯಾದರೆ 60ಕ್ಕಿಡಿ, ಕೋಣೆ ಬೆಚ್ಚಗಾಗುತ್ತಿದ್ದರೆ 55ಕ್ಕೂ ಇಳಿಸಿ ನೋಡಿ. ಸಿಲಿಂಡರ್ ಇರುವವರು 65ರಿಂದ 70ರಲ್ಲಿಡಿ. ಸಿಲಿಂಡರ್ ನೀರು 60 ಮುಟ್ಟದಿದ್ದರೆ ಶ್ವಾಸಕೋಶದ ಕಾಯಿಲೆ ತರುವ ಲೀಜಿಯೊನೆಲ್ಲ ಬ್ಯಾಕ್ಟೀರಿಯಾ ಬೆಳೆಯಬಹುದು.

ಪ್ರಶ್ನೆ: ಸರ್ವಿಸ್‌ಗೆ ಬಂದವರು ಹತ್ತೇ ನಿಮಿಷದಲ್ಲಿ ಸಹಿ ಹಾಕಿ ಹೋದರು. ಇಷ್ಟೇನಾ? ಕಳೆದ ಹಿಮಗಾಲದಲ್ಲಿ ಬಾಯ್ಲರ್ ಗುಳುಗುಳು ಎಂದು ನಿಂತೂ ಹೋಗಿತ್ತು. (ಎಡಿನ್‌ಬರೋ)

ಉತ್ತರ: ಇಷ್ಟೇ ಅಲ್ಲ. ಹೊಗೆ ಅಳೆಯುವ ಯಂತ್ರದಿಂದ ಕಾರ್ಬನ್ ಮಾನಾಕ್ಸೈಡ್ ಮತ್ತು ಕಾರ್ಬನ್ ಡೈಆಕ್ಸೈಡ್‌ಗಳ ಅನುಪಾತ ನೋಡಬೇಕು, 0.004 ಮೀರಿದರೆ ಬರ್ನರ್ ಸರಿಯಿಲ್ಲ. ಗ್ಯಾಸಿನ ಒತ್ತಡ, ಹೊಗೆಕೊಳವೆ, ಸೀಲ್, ವೆಸೆಲ್‌ನ ಗಾಳಿ, ಕಂಡೆನ್ಸೇಟ್ (ಹೊಗೆಯ ಹಬೆ ತಣಿದು ಆದ ನೀರು) ಹಾದುಹೋಗುವ ಟ್ರ್ಯಾಪ್ ಇವನ್ನೂ ನೋಡಿ, ಅಳತೆಗಳನ್ನು ಪುಸ್ತಕದಲ್ಲಿ ಬರೆಯಬೇಕು. ಮುದ್ರಿತ ಅಳತೆಯ ಚೀಟಿ ಕೇಳಿ ಪಡೆಯಿರಿ. ಬಾಯ್ಲರ್‌ನ ಮುಚ್ಚಳವನ್ನು ನೀವಾಗಿ ಬಿಚ್ಚಬೇಡಿ, ಎಷ್ಟೋ ಮಾದರಿಗಳಲ್ಲಿ ವಿಷಗಾಳಿಯನ್ನು ತಡೆಯುವುದು ಅದೇ. ಬಾಯ್ಲರ್ ಇರುವ ಕೋಣೆಯಲ್ಲಿ, ಅದರಿಂದ 1ರಿಂದ 3 ಮೀಟರ್ ದೂರದಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು. ಅದು ಕೂಗಿದರೆ ಬಾಯ್ಲರ್ ಆರಿಸಿ, ಕಿಟಕಿ ತೆರೆದು, ಎಲ್ಲರೂ ಹೊರಬಂದು ಗ್ಯಾಸ್ ತುರ್ತು ಸಂಖ್ಯೆ 0800 111 999ಕ್ಕೆ ಕರೆ ಮಾಡಿ.

ಗುಳುಗುಳು ಸದ್ದಿಗೆ ಬಹುಪಾಲು ಕಾರಣ ಹೊರಗಿನ ಕಂಡೆನ್ಸೇಟ್ ಪೈಪು ಹೆಪ್ಪುಗಟ್ಟಿದ್ದು. ಪೈಪಿನ ಮೇಲೆ ಬೆಚ್ಚಗಿನ ನೀರು ಸುರಿಯಿರಿ, ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಬಿರಿಯುತ್ತದೆ. ಕರಗಿದ ಮೇಲೆ ರೀಸೆಟ್ ಒತ್ತಿದರೆ ಸಾಕು. ಮತ್ತೆ ಹಾಗಾಗದಿರಲು ಹೊರಗಿನ ಪೈಪನ್ನು 32 ಮಿ.ಮೀ.ಗೆ ಏರಿಸಿ, ಮೀಟರಿಗೆ 45 ಮಿ.ಮೀ. ಇಳಿಜಾರು ಕೊಟ್ಟು, ನೀರು ನಿರೋಧಕ ಹೊದಿಕೆ ಸುತ್ತಿಸಿ. ಹೊರಗಿನ ಉದ್ದ ಆದಷ್ಟು ಕಡಿಮೆಯಿರಲಿ.